ಡ್ಯಾನ್ಸ್ ಸ್ಕೂಲಿಗೆ ದುಡ್ಡು ಕೂಡಿಸೋದು ಹೇಗೆ? ಬಳ್ಳಾರಿ ಕಡೆಯವರಿಗೆ ಒಂದಿಷ್ಟು ಐಡಿಯಾ

ಬಡಾವಣೆಯ ಮಕ್ಕಳಿಗೆ ಕಡಿಮೆ ಫೀಸಿನಲ್ಲಿ ಭರತನಾಟ್ಯ, ಕೋಲಾಟ ಹೇಳಿಕೊಡುವ ಸ್ಕೂಲುಗಳಿಗೆ ನಮ್ಮಲ್ಲಿ ಮಕ್ಕಳು ಬೇಕಾದಷ್ಟು ಬರುತ್ತಾರೆ. ದುಡ್ಡು ಮಾತ್ರ ಬರುವುದಿಲ್ಲ. ಫೀಸು ಜಾಸ್ತಿ ಮಾಡಿದರೆ ಯಾರಿಗಾಗಿ ಸ್ಕೂಲು ತೆರೆದಿರೋ ಅವರೇ ಬಿಟ್ಟು ಹೋಗುತ್ತಾರೆ. ಹಾಗಾಗಿ ಹೊರಗೆ ಕೇಳಲೇಬೇಕು.

ಕೇಳುವ ರೀತಿ ಮುಖ್ಯ. "ನಮ್ಮ ಸ್ಕೂಲಿಗೆ ಏನಾದ್ರೂ ಸಹಾಯ ಮಾಡಿ" ಅಂದರೆ ನೂರರ ನೋಟು ಬರುತ್ತದೆ, ಮುಂದಿನ ಸಲ ಅದೂ ಇಲ್ಲ. "ಅಣ್ಣಾ, ಹೊಸ ಬ್ಯಾಚಿನ ಮಕ್ಕಳಿಗೆ ಗೆಜ್ಜೆ ಬೇಕು, ಒಂದು ಜೊತೆಗೆ ಇಷ್ಟು ರೇಟು, ನೀವು ಎರಡು ಜೊತೆ ಕೊಡಿಸ್ತೀರಾ?" ಅಂತ ಕೇಳಿ ನೋಡಿ. ಕಣ್ಣಿಗೆ ಕಾಣುವ ವಸ್ತುವಿಗೆ ಜನ ಕೊಡುತ್ತಾರೆ. ಆದ್ದರಿಂದ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬಿಡಿಬಿಡಿಯಾಗಿ ಬರೆಯಿರಿ: ಗೆಜ್ಜೆ, ಡ್ರೆಸ್ ಬಾಡಿಗೆ, ಮೇಕಪ್, ಜೂನಿಯರ್ ಪರೀಕ್ಷೆ ಫೀಸು, ಪರೀಕ್ಷೆಗೆ ಕರೆದುಕೊಂಡು ಹೋಗುವ ಟಂಟಂ ಬಾಡಿಗೆ. ಅಂಗಡಿಯಲ್ಲಿ ಕೇಳಿದ ರೇಟನ್ನೇ ಹಾಕಿ, ಅಂದಾಜು ಬೇಡ. ಯಾರು ಏನು ಕೊಡಿಸಿದರೋ ಅದರ ಮುಂದೆ ಅವರ ಹೆಸರು ಬರೆಯುತ್ತಾ ಹೋಗಿ.

ಯಾವಾಗ ಕೇಳಬೇಕು ಅನ್ನೋದೂ ಇದೆ. ಗಣೇಶನ ಹಬ್ಬದ ಹಿಂದೆ ಮುಂದೆ ಹೋಗಲೇಬೇಡಿ, ಪ್ರತಿ ಓಣಿಯವರೂ ಪಟ್ಟಿ (ಚಂದಾ) ಕೇಳಿ ಅಂಗಡಿಯವರಿಗೆ ಸಾಕು ಸಾಕಾಗಿರುತ್ತದೆ. ಸಿರುಗುಪ್ಪ, ಕಂಪ್ಲಿ ಕಡೆ ಭತ್ತ ಮಾರಿದ ಮೇಲೆ, ಕುರುಗೋಡು ಕಡೆ ಮೆಣಸಿನಕಾಯಿ ಬ್ಯಾಡಗಿಗೆ ಹೋಗಿ ದುಡ್ಡು ಕೈಗೆ ಬಂದ ಮೇಲೆ ಹೋದರೆ ಮಾತು ಬೇರೆಯೇ ಇರುತ್ತದೆ. ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಬೇಸಿಗೆಯಲ್ಲಿ ರೈತರಿಂದ ದುಡ್ಡು ಬರುತ್ತದೆ ಅನ್ನೋ ಲೆಕ್ಕ ಹಾಕಬೇಡಿ.

ಹೆಚ್ಚು ದುಡ್ಡು ಬರುವುದು ವಾರ್ಷಿಕ ಕಾರ್ಯಕ್ರಮದಿಂದಲೇ. ರಾಘವ ಕಲಾಮಂದಿರವೋ ಜೋಳದರಾಶಿ ದೊಡ್ಡನಗೌಡ ರಂಗಮಂದಿರವೋ, ಮೊದಲೇ ಬುಕ್ ಮಾಡಿ. ಟಿಕೆಟ್ ಇಡಬಹುದು, ಆದರೆ ಸಿನಿಮಾ ಹಾಡಿಗೆ ಕುಣಿಸಿ ಟಿಕೆಟ್ ಇಟ್ಟರೆ ಹಾಡಿನ ಲೈಸೆನ್ಸ್ ಕೇಳುತ್ತಾರೆ, ಅದನ್ನು ಮುಂಚೆಯೇ ವಿಚಾರಿಸಿಕೊಳ್ಳಿ. ಬಯಲಲ್ಲಿ ಮಾಡಿದರೆ ಪೊಲೀಸ್ ಪರವಾನಗಿ ಬೇಕು, ರಾತ್ರಿ 10ಕ್ಕೆ ಮೈಕ್ ಬಂದ್. ನನ್ನನ್ನು ಕೇಳಿದರೆ ಟಿಕೆಟ್‌ಗಿಂತ ನಮ್ಮ ನಾಟಕಗಳ ಆಹೇರಿ ಪದ್ಧತಿಯೇ ವಾಸಿ. ಕೊಟ್ಟವರ ಹೆಸರು, ಊರು ಮೈಕ್‌ನಲ್ಲಿ ಕೂಗುವುದು. ಸೋದರಮಾವನ ಹೆಸರು ಕೂಗಿದ ಕೂಡಲೇ ಚಿಕ್ಕಪ್ಪನೂ ಎದ್ದು ಬರುತ್ತಾನೆ, ಅಲ್ವಾ? ಆದರೆ ಒಂದು ಕಟ್ಟುನಿಟ್ಟು: ದುಡ್ಡು ಕೊಡುವುದು ಕೆಳಗೆ ಟೇಬಲ್ ಹತ್ತಿರ, ರಸೀದಿ ತೆಗೆದುಕೊಂಡು. ಯಾರನ್ನೂ ಸ್ಟೇಜ್ ಹತ್ತಿಸಬೇಡಿ. ಮಕ್ಕಳ ಮೇಲೆ ನೋಟು ಎಸೆಯುವುದು, ಡ್ರೆಸ್ಸಿಗೆ ನೋಟು ಸಿಕ್ಕಿಸುವುದು, ಇವೆಲ್ಲ ನಡೆಯುವುದಿಲ್ಲ ಅಂತ ಶುರುವಿನಲ್ಲೇ ಮೈಕ್‌ನಲ್ಲಿ ಹೇಳಿಬಿಡಿ. ಮಕ್ಕಳ ಕೈಗೆ ಡಬ್ಬಿ ಕೊಟ್ಟು ಬೀದಿಗೆ ಕಳಿಸುವುದೂ ಬೇಡ.

ಅದೇ ದಿನ ಹೊರಗೆ ಒಗ್ಗರಣೆ-ಮಿರ್ಚಿ ಅಂಗಡಿ ಹಾಕಿ. ಮಂಡಕ್ಕಿ, ಮೆಣಸಿನಕಾಯಿ, ಕಡಲೆಹಿಟ್ಟು ತಾಯಂದಿರು ಹಂಚಿಕೊಂಡು ತಂದರೆ ಖರ್ಚು ಎಣ್ಣೆ, ಗ್ಯಾಸಿನದು ಮಾತ್ರ. ಮಿರ್ಚಿಯನ್ನು ಮೊದಲೇ ಅರ್ಧ ಕರಿದು ಬುಟ್ಟಿಗೆ ಹಾಕಿಟ್ಟುಕೊಳ್ಳಿ. ಇಂಟರ್‌ವಲ್ ಆದ ತಕ್ಷಣ ಇನ್ನೊಂದು ಸಲ ಎಣ್ಣೆಗೆ ಬಿಟ್ಟರೆ ಗರಿಗರಿಯಾಗಿ ಬೇಗ ಏಳುತ್ತವೆ. ಆಗ ಹಸಿ ಮಿರ್ಚಿ ಬಿಡುತ್ತಾ ಕೂತರೆ ಜನ ಕಾದು ಕಾದು ಒಳಗೆ ಹೋಗುತ್ತಾರೆ, ವ್ಯಾಪಾರ ಹೋಯಿತು.

ಇನ್ನೊಂದು ಐಡಿಯಾ ಬಳ್ಳಾರಿಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಎಷ್ಟಿವೆ! ಕಟಿಂಗ್‌ನಲ್ಲಿ ಉಳಿದ ಬಟ್ಟೆ ಕೇಳಿ, ಗೆಜ್ಜೆ ಹಾಕಿಕೊಳ್ಳುವಂಥ ದಾರದ ಚೀಲ ಹೊಲಿಸಿ, ಸ್ಕೂಲಿನ ಹೆಸರು ಪ್ರಿಂಟ್ ಹಾಕಿಸಿ ಮಾರಿ. ಗೆಜ್ಜೆ ಭಾರ ಇರುತ್ತದೆ, ತೆಳು ಬಟ್ಟೆಯ ಚೀಲ ಬೇಗ ಹರಿಯುತ್ತದೆ. ಜೀನ್ಸ್ ಚೀಲವನ್ನು ಬೇರೆ ಡ್ಯಾನ್ಸ್ ಕ್ಲಾಸಿನವರೂ ಕೊಳ್ಳುತ್ತಾರೆ.

ದುಡ್ಡಿಟ್ಟು ಚೀಟಿ ಎತ್ತುವ ಲಕ್ಕಿ ಡ್ರಾ ಮಾತ್ರ ಬೇಡವೇ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ಸುಮ್ನೆ ತಲೆನೋವು.

ತೋರಣಗಲ್ಲಿನ ಸ್ಟೀಲ್ ಕಾರ್ಖಾನೆ, ಸಂಡೂರಿನ ಗಣಿ ಕಂಪನಿಗಳ ಸಿಎಸ್‌ಆರ್ ದುಡ್ಡಿನ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ) ಮೇಲೆ ಎಲ್ಲರಿಗೂ ಕಣ್ಣು. ಸಾಂಪ್ರದಾಯಿಕ ಕಲೆಗೆ ಆ ದುಡ್ಡು ಕೊಡಲು ಕಾನೂನಿನಲ್ಲಿ ಜಾಗ ಇದೆ, ನಿಜ. ಆದರೆ ನೇರವಾಗಿ ಪಡೆಯಲು ಸಂಸ್ಥೆ ನೋಂದಣಿಯಾಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ರಿಯಾಯಿತಿ) ನೋಂದಣಿ ಇರಬೇಕು, ಸಿಎಸ್‌ಆರ್ ದುಡ್ಡು ಪಡೆಯುವ ಸಂಸ್ಥೆಗಳ ಸಿಎಸ್‌ಆರ್-1 ನಮೂನೆ ತುಂಬಿರಬೇಕು, ಜೊತೆಗೆ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು. ಹೊಸ ಸ್ಕೂಲಿಗೆ ಇದು ದೂರದ ಮಾತು. ಅದರ ಬದಲು ಅವರ ಕಾಲೊನಿಯಲ್ಲಿ ರಾಜ್ಯೋತ್ಸವ, ದಸರಾ ಕಾರ್ಯಕ್ರಮ ನಡೆದಾಗ ನಿಮ್ಮ ಮಕ್ಕಳ ನೃತ್ಯ ಇಡಿಸಿ, ಸಂಭಾವನೆ ಕೇಳಿ. ಕೇಳಲು ನಾಚಿಕೆ ಯಾಕೆ? ಶಾಮಿಯಾನದವನು ಬಿಟ್ಟಿ ಹಾಕುತ್ತಾನಾ?

ಅಷ್ಟರಲ್ಲಿ ಕಾಗದಪತ್ರದ ಕೆಲಸ ಶುರು ಮಾಡಿ. ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ಏಳೂ ಜನ ಒಂದೇ ಮನೆಯವರಾದರೆ ಊರಿನವರು ನಂಬುವುದಿಲ್ಲ, ಪೋಷಕರನ್ನು ಸೇರಿಸಿಕೊಳ್ಳಿ. ನೋಂದಣಿಯಾದ ಸಂಘಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯ ಕೊಡುತ್ತದೆ, ಅರ್ಜಿ ಸೇವಾಸಿಂಧುವಿನಲ್ಲಿ ಹಾಕುವುದು. ಆಡಿಟ್ ವರದಿ, ಕಾರ್ಯಕ್ರಮದ ಫೋಟೊ, ಪೇಪರ್ ಕಟಿಂಗ್ ಎಲ್ಲ ಒಂದೇ ಫೈಲಿನಲ್ಲಿಡಿ. 80ಜಿ ಸಿಕ್ಕ ಮೇಲೆ ದೊಡ್ಡ ದೇಣಿಗೆಯನ್ನು ಚೆಕ್ಕಿನಲ್ಲೋ ಯುಪಿಐನಲ್ಲೋ ತೆಗೆದುಕೊಳ್ಳಿ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಯುಪಿಐ ಕ್ಯೂಆರ್ ಕೂಡ ಸಂಘದ ಖಾತೆಯದ್ದೇ ಇರಲಿ, ಟೀಚರ್ ಸ್ವಂತ ಖಾತೆಯದ್ದು ಬೇಡ. ಕಾರ್ಯಕ್ರಮ ಮುಗಿದ ವಾರದೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ. ಗೆಜ್ಜೆ ಕೊಡಿಸಿದವರಿಗೆ ಆ ಗೆಜ್ಜೆ ಕಟ್ಟಿಕೊಂಡ ಮಕ್ಕಳ ಗುಂಪಿನ ಫೋಟೊ ಕಳಿಸಿ, ಪೋಷಕರನ್ನು ಕೇಳಿಯೇ ಕಳಿಸಿ.