ನಿಮ್ಮ ಬೀದಿಯ ರಸ್ತೆ ಕಾಮಗಾರಿಯ ಲೆಕ್ಕ ಕೇಳುವುದು ಹೇಗೆ?

ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು, ಆಡಳಿತಾಧಿಕಾರಿಯ ಕೈಗೆ ಹೊಣೆ ಹೋಯಿತು. ಕಾರ್ಪೊರೇಟರ್ ಇರಲಿ, ಇಲ್ಲದಿರಲಿ, ಹಾಕಿದ ಟಾರು ಮೊದಲ ಮಳೆಗೇ ಕಿತ್ತುಬಂದರೆ ಲೆಕ್ಕ ಕೇಳಲು 10 ರೂಪಾಯಿಯ ಒಂದು ಅರ್ಜಿ ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಅದಕ್ಕೆ.

ಮೊದಲು ರಸ್ತೆ ಯಾರದೆಂದು ತಿಳಿಯಿರಿ. ಊರ ಹೊರವಲಯದ ಬಡಾವಣೆಗಳಲ್ಲಿ ಇದೇ ದೊಡ್ಡ ಗೋಜಲು. ಪಾಲಿಕೆಗೆ ಇನ್ನೂ ಹಸ್ತಾಂತರವಾಗದಿದ್ದರೆ ಕಡತ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿರುತ್ತದೆ. ತಪ್ಪು ಕಚೇರಿಗೆ ಕೊಟ್ಟರೂ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು ಎನ್ನುತ್ತದೆ ಕಾಯ್ದೆ. ಆದರೂ ವಲಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಬರೆಯುವುದು ಜಾಣತನ.

ಇನ್ನು ಬರೆಯುವ ಕೆಲಸ. ‘ರಸ್ತೆ ಯಾಕೆ ಹಾಳಾಯಿತು?’ ಎಂದು ಕೇಳಬೇಡಿ. ಕಡತದಲ್ಲಿರುವ ಕಾಗದ ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಹೊಣೆ; ಕಾರಣ ಹುಡುಕಿ ಹೇಳುವುದಲ್ಲ. ಆದ್ದರಿಂದ ಕಾಗದಗಳನ್ನೇ ಹೆಸರಿಸಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್, ಗುಣಮಟ್ಟ ಪರೀಕ್ಷೆಯ ವರದಿ. ಕಾಮಗಾರಿ ಮುಗಿದ ಮೇಲೆ ಗುತ್ತಿಗೆದಾರ ಎಷ್ಟು ಕಾಲ ತನ್ನ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕೆಂಬ ಷರತ್ತಿನ ಪ್ರತಿಯನ್ನೂ ಕೇಳಿ. ಅದು ಇನ್ನೂ ಜಾರಿಯಲ್ಲಿದ್ದರೆ ಹೊಸ ಟೆಂಡರ್ ಯಾಕೆ ಬೇಕು?

ಇವುಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಅಳತೆ ಪುಸ್ತಕಕ್ಕೆ. ಎಂಜಿನಿಯರುಗಳ ಬಾಯಲ್ಲಿ ಅದು ‘ಎಂಬಿ’. ಉದ್ದ, ಅಗಲ, ದಪ್ಪ ಎಷ್ಟೆಂದು ಅದರಲ್ಲಿ ಬರೆದ ಮೇಲೆಯೇ ಬಿಲ್ ಆಗುವುದು. ಉದ್ದ ಅಗಲವನ್ನು ನೀವೇ ಟೇಪು ಹಿಡಿದು ನೋಡಬಹುದು. ದಪ್ಪ ಕಣ್ಣಿಗೆ ಕಾಣದು. ಆದರೆ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಇದೇ ಕಾಯ್ದೆ ಕೊಟ್ಟಿದೆ. ಜನ ಇದನ್ನು ಬಳಸುವುದು ತೀರಾ ಕಡಿಮೆ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಚರಂಡಿ, ಬೀದಿದೀಪ, ಕಸ ಎಲ್ಲವನ್ನೂ ಒಂದಕ್ಕೇ ತುರುಕಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಮಾಹಿತಿ ಯಾಕೆ ಬೇಕೆಂದು ಹೇಳಬೇಕಿಲ್ಲ. ಶುಲ್ಕವನ್ನು ಪೋಸ್ಟಲ್ ಆರ್ಡರ್‌ನಲ್ಲಿ ಕೊಡಬಹುದು; ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಅರ್ಜಿಯ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿ ಮುದ್ರೆ ಹಾಕಿಸದೆ ಟಪಾಲು ವಿಭಾಗದಿಂದ ಕದಲಬೇಡಿ.

ಉತ್ತರಕ್ಕೆ 30 ದಿನ. ಬರಲಿಲ್ಲವೇ, ಅಥವಾ ಅರೆಬರೆ ಬಂತೇ? ಮುಂದಿನ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಅಲ್ಲಿ ಸರದಿ ಬರುವುದು ಬಹಳ ತಡ, ತಾಳ್ಮೆ ಬೇಕು. ಆದರೆ ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಗಡುವು ಮೀರಿದ ಮೇಲೆ ಕೊಡುವ ಪ್ರತಿಗಳಿಗೆ ನಿಮ್ಮಿಂದ ಕಾಸು ಕೇಳುವಂತಿಲ್ಲ.

ಎಂಬಿಯ ಅಳತೆಗೂ ನಿಮ್ಮ ಟೇಪಿಗೂ ತಾಳೆಯಾಗದಿದ್ದರೆ ಎರಡನ್ನೂ ಲಗತ್ತಿಸಿ ಪಾಲಿಕೆ ಆಯುಕ್ತರಿಗೆ ಬರೆಯಿರಿ. ಅಲ್ಲೂ ಕೆಲಸವಾಗದಿದ್ದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ನಿಗದಿತ ನಮೂನೆಯ ಜೊತೆಗೆ ಪ್ರಮಾಣಪತ್ರವೂ (ಅಫಿಡವಿಟ್) ಬೇಕು.