ಹೆಪಟೈಟಿಸ್ ಎ ಲಸಿಕೆ: ವಾರ್ಡಿನ ಸಿಬ್ಬಂದಿಗೆ ಹಾಕಿಸೋದು ಹೇಗೆ?

ನಮ್ಮ ಆಸ್ಪತ್ರೆ ಸಿಬ್ಬಂದಿಯ ಲಸಿಕೆ ರಿಜಿಸ್ಟರ್ ನನ್ನ ಹತ್ತಿರ ಇರುತ್ತೆ. "ಕಾಮಾಲೆ ಇಂಜೆಕ್ಷನ್ ಆಗಿದೆಯಾ?" ಅಂದರೆ ಎಲ್ಲರದೂ ಒಂದೇ ಉತ್ತರ: "ಆಗಿದೆ ಸಿಸ್ಟರ್, ಮೂರು ಡೋಸ್." ಕಾರ್ಡು ತೆಗೆಸಿ ನೋಡಿದರೆ ಅದು ಹೆಪಟೈಟಿಸ್ ಬಿ! ಎರಡೂ ಲಿವರಿಗೆ ತಗಲುವ ವೈರಸ್ ಸೋಂಕೇ, ಆದರೆ ಬಿ ಹರಡೋದು ರಕ್ತ, ದೇಹದ ದ್ರವಗಳಿಂದ. ಎ ಬರೋದು ಮಲ ತಾಗಿದ ಕೈಯಿಂದ, ಊಟ ನೀರಿನಿಂದ. ಒಂದರ ಲಸಿಕೆ ಇನ್ನೊಂದನ್ನು ತಡೆಯಲ್ಲ. ಎರಡೂ ಸೇರಿದ ಲಸಿಕೆಯೂ ಇದೆ, ಹಾಗಾಗಿ ಕಾರ್ಡು ನೋಡದೆ ಬರೆದುಕೊಳ್ಳಬೇಡಿ.

ಮಕ್ಕಳ ವಾರ್ಡು, ಅಡುಗೆಮನೆ, ಶುಚಿ ಕೆಲಸ, ಮಲದ ಸ್ಯಾಂಪಲ್ ನೋಡುವ ಲ್ಯಾಬ್, ಇವರಿಂದ ಶುರು ಮಾಡಿ. ಲಿವರ್ ತೊಂದರೆ ಇರುವವರನ್ನಂತೂ ಬಿಡಬೇಡಿ.

ಚಿಕ್ಕಂದಿನಲ್ಲೇ ಸೋಂಕು ಬಂದು ಹೋಗಿದ್ದರೆ ಲಸಿಕೆ ಬೇಕಿಲ್ಲ. ಅದನ್ನು ತಿಳಿಯೋಕೆ ಐಜಿಜಿ ಪರೀಕ್ಷೆ (ರಕ್ತದಲ್ಲಿ ಉಳಿದಿರುವ ಪ್ರತಿಕಾಯ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ರಕ್ಷಣೆ, ಹುಡುಕುವುದು) ಬರೆಯಿರಿ. ಒಮ್ಮೆ ನಾನು ಒಬ್ಬ ಆಯಾಗೆ ಬರೆಯುವಾಗ ಅವಸರದಲ್ಲಿ ಐಜಿಎಂ (ಹೊಸ ಸೋಂಕು ಹುಡುಕುವ ಪರೀಕ್ಷೆ) ಮುಂದೆ ಟಿಕ್ ಹಾಕಿಬಿಟ್ಟಿದ್ದೆ. ನೆಗೆಟಿವ್ ಬಂತು. ಈಗ ಸೋಂಕಿಲ್ಲ ಅನ್ನೋದಷ್ಟೇ ಅದರಿಂದ ಗೊತ್ತಾಯ್ತು. ಪಾಪ, ಆಯಾ ಮತ್ತೆ ಕೈ ಚಾಚಿ ಕೂತರು, ನನ್ನ ಮುಖ ನೋಡುತ್ತಾ. ಐಜಿಜಿ ಪಾಸಿಟಿವ್! ಚಿಕ್ಕಂದಿನಲ್ಲಿ ಯಾವಾಗಲೋ ಬಂದು ಹೋಗಿತ್ತು, ಅವರಿಗೇ ಗೊತ್ತಿರಲಿಲ್ಲ.

ನೆಗೆಟಿವ್ ಬಂದವರಿಗೆ ಎರಡು ಡೋಸ್, ತೋಳಿನ ಮಾಂಸಖಂಡಕ್ಕೆ. ಮೊದಲನೆಯದು ಇವತ್ತು, ಎರಡನೆಯದು 6ರಿಂದ 12 ತಿಂಗಳ ಒಳಗೆ. ತಪ್ಪೋದು ಈ ಎರಡನೆಯದೇ. ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿದರೆ ಸಾಕು. ಆಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸೋದು ಸುಮ್ನೆ ದಂಡ. ಲಸಿಕೆಯಿಂದ ಬರುವ ಪ್ರತಿಕಾಯದ ಮಟ್ಟ ಕಡಿಮೆ, ರಕ್ಷಣೆ ಇದ್ದರೂ ಕೆಲವು ಪರೀಕ್ಷೆಗಳಲ್ಲಿ ನೆಗೆಟಿವ್ ತೋರಿಸಬಹುದು.

ಲಸಿಕೆ ಆಗದವರು ಹೆಪಟೈಟಿಸ್ ಎ ರೋಗಿಯ ಮಲ ಮುಟ್ಟಿಬಿಟ್ಟರೆ? 14 ದಿನದೊಳಗೆ ಒಂದು ಡೋಸ್ ಹಾಕಿಸಿ, ಬೇಗ ಆದಷ್ಟೂ ಒಳ್ಳೆಯದು. 40 ದಾಟಿದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾ ಅಂತ ಡಾಕ್ಟರನ್ನು ಕೇಳಿ.

ರೋಗಿಯ ಕಣ್ಣು ಹಳದಿಯಾದ ಮೇಲೆ ನಾವು ಎಚ್ಚರ ವಹಿಸಿದರೆ ಸಾಲದು. ವೈರಸ್ ಜಾಸ್ತಿ ಹೊರಬರೋದು ಅದಕ್ಕಿಂತ ಎರಡು ವಾರ ಮುಂಚೆ. ಪುಟ್ಟ ಮಕ್ಕಳಿಗಂತೂ ಹಳದಿಯೇ ಆಗದೆ ಇರಬಹುದು. ಡೈಪರ್ ಬದಲಿಸಿದ ಮೇಲೆ ಗ್ಲೌಸ್ ತೆಗೆದು, ಸೋಪು ಹಚ್ಚಿ, ಹರಿಯುವ ನೀರಲ್ಲಿ ಕೈ ತೊಳೆಯಿರಿ. ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗಲ್ಲ. ನಮ್ಮಲ್ಲಿ ಸಿಂಕ್ ಪಕ್ಕದ ಸೋಪು ಖಾಲಿಯಾದರೆ ನಾನು ಮೊದಲು ಬೈಯೋದು ಸ್ಟೋರಿನವರಿಗೆ.