ಸಮಾಂತರ ಗಣನೆಯ ಸ್ನಾತಕೋತ್ತರ ಓದು: ಎರಡು ಥ್ರೆಡ್‌ಗಳಿಂದ ಆರಂಭಿಸಿ

ಎಂ.ಟೆಕ್. ಹಂತದಲ್ಲಿ ಸಮಾಂತರ ಮತ್ತು ವಿತರಿತ ಗಣನೆಯನ್ನು ಆರಿಸಿಕೊಂಡವರು ಮೊದಲ ದಿನವೇ ಎಂಪಿಐ (ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳಿಸಿ ಕೆಲಸ ಹಂಚಿಕೊಳ್ಳುವ ವಿಧಾನ), ಕ್ಯೂಡಾ (ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಗಣನೆ ನಡೆಸುವ ವ್ಯವಸ್ಥೆ) ಇವುಗಳತ್ತ ಧಾವಿಸುವುದುಂಟು. ಅದಕ್ಕೂ ಮೊದಲು ಒಂದು ವಾರವನ್ನು ಎರಡೇ ಥ್ರೆಡ್‌ಗಳಿಗೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಎರಡು ಕೆಲಸದ ಎಳೆಗಳಿಗೆ, ಮೀಸಲಿಡುವುದು ಒಳಿತು.

ಸಿ ಭಾಷೆಯಲ್ಲಿ ಒಂದೇ ಎಣಿಕೆಯನ್ನು ಎರಡು ಥ್ರೆಡ್‌ಗಳು ತಲಾ 10 ಲಕ್ಷ ಸಲ ಒಂದೊಂದಾಗಿ ಹೆಚ್ಚಿಸುವಂತೆ ಪ್ರೋಗ್ರಾಂ ಬರೆಯಿರಿ. ಉತ್ತರ 20 ಲಕ್ಷವಾಗಬೇಕಾದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಬರುತ್ತದೆ, ಓಡಿಸಿದಾಗಲೆಲ್ಲ ಬದಲಾಗುತ್ತದೆ. (ಕಂಪೈಲರಿನ ಆಪ್ಟಿಮೈಸೇಶನ್ ನಿಲ್ಲಿಸಿ ನೋಡಿ, ಇಲ್ಲದಿದ್ದರೆ ಅದು ಇಡೀ ಲೂಪನ್ನು ಒಂದೇ ಸಂಕಲನಕ್ಕೆ ಇಳಿಸಿ ದೋಷವನ್ನು ಮರೆಮಾಡಬಹುದು.) ಓದುವುದು, ಕೂಡುವುದು, ಬರೆಯುವುದು ಎಂಬ ಮೂರು ಹೆಜ್ಜೆಗಳ ನಡುವೆ ಇನ್ನೊಂದು ಥ್ರೆಡ್ ನುಸುಳುವುದೇ ಇದಕ್ಕೆ ಕಾರಣ. ಒಮ್ಮೆಗೆ ಒಂದೇ ಥ್ರೆಡ್ ಎಣಿಕೆಯನ್ನು ಮುಟ್ಟುವಂತೆ ಲಾಕ್ ಹಾಕಿದರೆ ಉತ್ತರ ಸರಿಯಾಗುತ್ತದೆ, ಆದರೆ ವೇಗ ಒಂದೇ ಥ್ರೆಡ್ಡಿಗಿಂತಲೂ ಕುಸಿಯುವುದನ್ನು ಕಾಣುವಿರಿ. ಪ್ರತಿ ಥ್ರೆಡ್ಡಿಗೂ ಅದರದೇ ಎಣಿಕೆ ಕೊಟ್ಟು, ಕೊನೆಯಲ್ಲಿ ಒಮ್ಮೆ ಮಾತ್ರ ಕೂಡಿಸಿದಾಗ ಸರಿಯುತ್ತರವೂ ವೇಗವೂ ಒಟ್ಟಿಗೆ ದೊರೆಯುತ್ತವೆ. ಮುಂದಿನ ಎಷ್ಟೋ ಪಾಠಗಳಲ್ಲಿ ಇದೇ ಉಪಾಯ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಎರಡನೆಯದು ಅಳತೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲಿ ಮಂಡಿಸಿದ ವಾದದಂತೆ, ಕೆಲಸದ ಶೇ 10ರಷ್ಟನ್ನು ಹಂಚಲಾಗದಿದ್ದರೆ ಎಷ್ಟೇ ಕೋರ್‌ಗಳನ್ನು (ಪ್ರೊಸೆಸರಿನ ಗಣನಾ ಘಟಕಗಳನ್ನು) ಸೇರಿಸಿದರೂ ವೇಗ 10 ಪಟ್ಟು ಮೀರದು. 8 ಕೋರ್‌ಗಳಲ್ಲಿ ಸಿಗುವುದು ಸುಮಾರು 4.7 ಪಟ್ಟು. ಆದ್ದರಿಂದ 1, 2, 4, 8 ಕೋರ್‌ಗಳಲ್ಲಿ ಸಮಯ ಅಳೆದು ಗ್ರಾಫ್ ಬರೆಯದೆ ಯಾವ ಅಸೈನ್‌ಮೆಂಟನ್ನೂ ಒಪ್ಪಿಸಬೇಡಿ. ಹೋಲಿಕೆಗೆ ಇಟ್ಟುಕೊಳ್ಳುವ ಒಂದೇ ಥ್ರೆಡ್ಡಿನ ಪ್ರೋಗ್ರಾಂ ಕೂಡ ಚೆನ್ನಾಗಿ ಬರೆದದ್ದಾಗಿರಲಿ.

ಬಳಿಕ ಓಪನ್‌ಎಂಪಿ (ಥ್ರೆಡ್‌ಗಳಿಗೆ ಕೆಲಸ ಹಂಚಲು ಕಂಪೈಲರಿಗೆ ಕೊಡುವ ಸೂಚನೆಗಳ ವ್ಯವಸ್ಥೆ), ಆಮೇಲೆ ಎಂಪಿಐ. ಎರಡನ್ನೂ ಸ್ವಂತ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳಲ್ಲೂ ಬಳಕೆಯಾಗುವುದು ಇದೇ ಎಂಪಿಐ.

ವಿತರಿತ ವ್ಯವಸ್ಥೆಗೆ ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ಎಲ್ಲ ಯಂತ್ರಗಳಿಗೂ ಸೇರಿದ ಒಂದೇ ಗಡಿಯಾರವಿಲ್ಲ. ಉತ್ತರಿಸದ ಯಂತ್ರ ಕೆಟ್ಟಿದೆಯೋ, ಬರೀ ತಡಮಾಡುತ್ತಿದೆಯೋ ತಿಳಿಯದು. ಇಂಥಲ್ಲಿ ಯಾವ ಘಟನೆ ಮೊದಲು, ಯಾವುದು ನಂತರ ಎಂದು ಗುರುತಿಸುವ ಬಗೆಗಿನ, ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರ 1978ರ ಪ್ರಬಂಧವನ್ನು ಪೆನ್ಸಿಲ್ ಹಿಡಿದೇ ಓದಿ: ಮೂರು ಪ್ರಕ್ರಿಯೆಗಳಿಗೆ ಮೂರು ಗೆರೆ, ಪ್ರತಿ ಸಂದೇಶಕ್ಕೊಂದು ಬಾಣ ಎಳೆದು, ಪ್ರತಿ ಘಟನೆಗೂ ಸಂಖ್ಯೆ ಕೊಡುತ್ತ ಹೋಗಿ. ನಂತರ ಹಲವು ಯಂತ್ರಗಳು ಒಂದೇ ದಾಖಲೆಪಟ್ಟಿಗೆ ಒಪ್ಪುವಂತೆ ಮಾಡುವ ರಾಫ್ಟ್ ಅಲ್ಗಾರಿದಮನ್ನು ಮೂರು ನೋಡ್‌ಗಳಿಗೆ (ಯಂತ್ರಗಳಿಗೆ) ನೀವೇ ಬರೆದು, ನಾಯಕ ನೋಡನ್ನು ನಡುವೆಯೇ ನಿಲ್ಲಿಸಿ. ಉಳಿದೆರಡು ಹೊಸ ನಾಯಕನನ್ನು ಆರಿಸಿಕೊಂಡು, ಈಗಾಗಲೇ ದೃಢಪಟ್ಟ ದಾಖಲೆಗಳನ್ನು ಕಳೆಯದೆ ಮುಂದುವರಿಯಬೇಕು. ಇನ್ನೊಂದನ್ನೂ ನಿಲ್ಲಿಸಿದಾಗ ಬಹುಮತವಿಲ್ಲದೆ ಒಂಟಿಯಾದ ಮೂರನೆಯದು ಯಾವ ಹೊಸ ದಾಖಲೆಯನ್ನೂ ದೃಢಪಡಿಸದಿದ್ದರೆ ನಿಮ್ಮ ಪ್ರೋಗ್ರಾಂ ಆ ಪರೀಕ್ಷೆಯಲ್ಲಿ ಗೆದ್ದಂತೆ.